ಫ್ಲೆಚರ್ ಡಿಸ್ಟ್ರಾಯರ್ ಕಿಟ್: ಒಡಲು ಚೊಕ್ಕ, ಕಿರುಫಿರಂಗಿಗಳು ದಪ್ಪ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ ನಿರ್ಮಾಣವಾದ ಫ್ಲೆಚರ್ ವರ್ಗದ ವೇಗದ ಯುದ್ಧನೌಕೆಗಳಾದ ಡಿಸ್ಟ್ರಾಯರ್‌ಗಳು ಒಟ್ಟು 175. ಆ ವರ್ಗಕ್ಕೆ ಹೆಸರು ಕೊಟ್ಟ, 1942ರ ಜೂನ್ 30ರಂದು ಸೇವೆಗೆ ಸೇರಿದ ಹಡಗಿನ 1:350 ಅಳತೆಯ ಪ್ಲಾಸ್ಟಿಕ್ ಕಿಟ್ ಇದು. ಸುಮಾರು 115 ಮೀಟರ್ ಉದ್ದದ ಹಡಗು ಇಲ್ಲಿ 33 ಸೆಂಟಿಮೀಟರಿಗೆ ಇಳಿದಿರುವುದರಿಂದ, ಕಟ್ಟಿ ಮುಗಿಸಿದ ಮಾದರಿ ಸಾಧಾರಣ ಗಾಜಿನ ಬೀರುವಿನೊಳಗೂ ನಿಲ್ಲುತ್ತದೆ.

ಕಿಟ್‌ನ ಹೆಚ್ಚುಗಾರಿಕೆ ಇರುವುದು ಒಡಲಿನಲ್ಲಿ. ಹಿಂದಿನ ಕೆಲವು ವರ್ಗಗಳಲ್ಲಿ ಮುಂಭಾಗದ ಡೆಕ್ ಒಂದು ಮೆಟ್ಟಿಲು ಎತ್ತರವಾಗಿದ್ದು ನಡುವೆ ತಗ್ಗುತ್ತಿತ್ತು; ಫ್ಲೆಚರ್‌ನಲ್ಲಿ ಅದು ಮೂತಿಯಿಂದ ಹಿಂಬದಿಯವರೆಗೆ ತುಂಡಾಗದೆ ಸಾಗುತ್ತದೆ. ಆ ಒಂದೇ ಬಾಗುವ ರೇಖೆಯನ್ನು ಅಚ್ಚು ತಯಾರಿಸಿದವರು ಸರಿಯಾಗಿ ಹಿಡಿದಿದ್ದಾರೆ. ಡೆಕ್ಕು ಒಡಲಿನ ಮೇಲೆ ಕೂರುವಾಗ ಸಂದು ತುಂಬುವ ಪುಟ್ಟಿಯ ಅಗತ್ಯ ಬೀಳುವುದೇ ಇಲ್ಲವೆನ್ನಬಹುದು. ಆರಂಭದ ಹಡಗುಗಳಿಗಿದ್ದ ದುಂಡುಮುಖದ ಎತ್ತರದ ಬ್ರಿಡ್ಜ್ (ಹಡಗು ನಡೆಸುವವರ ಕೊಠಡಿ), ಎರಡು ಚಿಮಣಿಗಳು, ಮುಂದೆ ಎರಡು ಹಿಂದೆ ಮೂರರಂತೆ ಐದು ಇಂಚಿನ ಐದು ಫಿರಂಗಿಗಳು, ಐದೈದು ಕೊಳವೆಗಳ ಎರಡು ಟಾರ್ಪಿಡೊ ಗುಂಪುಗಳು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ.

ಸಣ್ಣ ವಿಮಾನನಿರೋಧಕ ಫಿರಂಗಿಗಳ ವಿಷಯದಲ್ಲಿ ಇಷ್ಟು ಮೆಚ್ಚುಗೆ ಸಲ್ಲದು. 20 ಮಿಲಿಮೀಟರ್ ಓರ್ಲಿಕಾನ್‌ಗಳ ನಳಿಗೆಗಳು ಅಳತೆ ಮೀರಿ ದಪ್ಪವಾಗಿವೆ. ಡೆಕ್ಕಿನ ಅಂಚಿನ ಕಂಬಿಬೇಲಿಯಂತೂ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಇದಕ್ಕೆ ತಯಾರಕರನ್ನು ದೂರುವಂತಿಲ್ಲ. ಮೂರು ಸೆಂಟಿಮೀಟರ್ ದಪ್ಪದ ಕಂಬಿ ಈ ಅಳತೆಯಲ್ಲಿ 0.1 ಮಿಲಿಮೀಟರಿಗಿಂತ ತೆಳುವಾಗಬೇಕು, ಪ್ಲಾಸ್ಟಿಕ್ ಅಚ್ಚಿಗೆ ಅದು ಒಗ್ಗುವ ಕೆಲಸವಲ್ಲ. ಲೋಹದ ಹಾಳೆಯಲ್ಲಿ ಕೊರೆದ ಬೇಲಿಯನ್ನು ಪ್ರತ್ಯೇಕವಾಗಿ ಕೊಳ್ಳಬಹುದು. ಮೊದಲ ಬಾರಿಗೆ ಹಡಗು ಕಟ್ಟುವವರು ಆ ಗೊಡವೆಗೆ ಹೋಗದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೊಡಗಿನಲ್ಲಿ ಈ ಕಿಟ್ ಕಟ್ಟುವವರಿಗೆ ನಿಜವಾದ ಪರೀಕ್ಷೆ ಬಣ್ಣದ ಹಂತದಲ್ಲಿ ಎದುರಾಗುತ್ತದೆ. ಲ್ಯಾಕರ್ ಬಣ್ಣದಲ್ಲಿನ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಅದರ ಮೇಲೆ ಇಳಿಯುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದರೆ ಗಾಢ ನೀಲಿಯ ಮೇಲೆ ಮಂಕಾದ ಬಿಳಿ ಪೊರೆ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ. ಈ ಹಡಗಿಗೆ ಅದು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಪೆಸಿಫಿಕ್‌ನಲ್ಲಿ ಬಳಕೆಯಲ್ಲಿದ್ದ ಮೆಷರ್ 21 ಎಂಬ ಬಣ್ಣದ ಕ್ರಮದಲ್ಲಿ ನೆಟ್ಟಗಿನ ಮೇಲ್ಮೈಗಳಿಗೆಲ್ಲ ನೇವಿ ಬ್ಲೂ, ಡೆಕ್ಕಿಗೆ ಡೆಕ್ ಬ್ಲೂ. ಕಲೆಯನ್ನು ಮರೆಸಲು ಬೇರೆ ಬಣ್ಣದ ಪಟ್ಟೆಯೇ ಇಲ್ಲ. ಆದ್ದರಿಂದ ಕತ್ತರಿಸುವ, ಅಂಟಿಸುವ, ಉಜ್ಜುವ ಕೆಲಸವನ್ನು ಮಳೆಗಾಲದಲ್ಲಿ ಮುಗಿಸಿ, ಬಣ್ಣವನ್ನು ನವೆಂಬರ್–ಡಿಸೆಂಬರಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಹಚ್ಚುವುದು ಜಾಣತನ. ಆಗ ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟವಿರುವವರಿಗೆ ಕುಂಚ ಹಿಡಿಯಲು ಪುರುಸೊತ್ತು ಸಿಗುವುದಿಲ್ಲ, ಅದು ಬೇರೆ ಮಾತು. ಕಾಯಲಾಗದವರು ನಿಧಾನವಾಗಿ ಆರುವ ರಿಟಾರ್ಡರ್ ಬೆರೆತ ಥಿನ್ನರ್ ಬಳಸಬಹುದು. ಅಂಟಿನ ಆವಿ ತಲೆಗೆ ಹತ್ತುವಂಥದ್ದು. ಮಳೆಯೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿ ಕೂರಬಾರದು. ಹಡಗಿನ ಮೇಲೆ ಅಂಟಿಸುವ ಅಂಕಿ-ಗುರುತುಗಳ ಡೆಕಾಲ್ ಹಾಳೆಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಚೀಲದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಸೂಕ್ಷ್ಮ ವಿವರ ಸೇರಿಸಬಯಸುವವರಿಗೆ ಆಧಾರದ ಕೊರತೆಯಿಲ್ಲ. ಇದೇ ವರ್ಗದ ಕಿಡ್, ದ ಸಲಿವನ್ಸ್, ಕ್ಯಾಸಿನ್ ಯಂಗ್ ಎಂಬ ಹಡಗುಗಳನ್ನು ಅಮೆರಿಕದಲ್ಲಿ ವಸ್ತುಸಂಗ್ರಹಾಲಯಗಳಾಗಿ ಉಳಿಸಿಕೊಂಡಿದ್ದಾರೆ. ಯುದ್ಧಕಾಲದ ರೂಪಕ್ಕೆ ಹತ್ತಿರವಾಗಿರುವುದು ಕಿಡ್. ಅದರ ಚಿತ್ರಗಳನ್ನು ನೋಡುವಾಗ ಒಂದು ಎಚ್ಚರ ಬೇಕು: ಕಿಡ್ ಯುದ್ಧದ ಕೊನೆಯ ವರ್ಷದ ಸಜ್ಜನ್ನು ತೋರಿಸುತ್ತದೆ, ಕಿಟ್‌ನಲ್ಲಿರುವುದು ಆರಂಭಕಾಲದ ಫ್ಲೆಚರ್, ವಿಮಾನನಿರೋಧಕ ಫಿರಂಗಿಗಳ ಸಂಖ್ಯೆಯೂ ಜಾಗವೂ ಎರಡರಲ್ಲಿ ಬೇರೆ.

ಮಡಿಕೇರಿ, ವಿರಾಜಪೇಟೆಗಳ ಆಟಿಕೆ ಅಂಗಡಿಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ, ಆನ್‌ಲೈನ್ ಆರ್ಡರ್ ಒಂದೇ ದಾರಿ. ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಎಲ್ಲಕ್ಕಿಂತ ಮೊದಲು ಕೂವೆಕಂಬದ ತೆಳು ಭಾಗಗಳು ಮುರಿದಿಲ್ಲವೆಂದು ನೋಡಿಕೊಳ್ಳಿ. ಹಿಂದಿರುಗಿಸುವ ಗಡುವು ಮೀರಿದರೆ ಅವನ್ನು ಬಿಡಿಯಾಗಿ ತರಿಸುವುದು ಕಷ್ಟ.