ಊರು ಬಿಟ್ಟು ಬಂದ ಹಿರಿಯ ದಂಪತಿಗೆ ಕ್ರಿಸ್‌ಮಸ್ ಉಡುಗೊರೆ: ಮಂಗಳೂರಿನ ಕುಸ್ವಾರ್ ಡಬ್ಬಿಯ ವಿಮರ್ಶೆ

ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರಿನಿಂದ ಬೆಂಗಳೂರಿಗೆ ಬರುವ ಕುಸ್ವಾರ್, ಅಂದರೆ ಅಲ್ಲಿನ ಕ್ಯಾಥೊಲಿಕ್ ಮನೆಗಳ ಹಬ್ಬದ ತಿಂಡಿಗಳ, ಡಬ್ಬಿಗಳನ್ನು ಹೊಗಳುವವರಿಗೆ ಕೊರತೆಯಿಲ್ಲ. ಆದರೆ ಹಾಗೆ ಹೊಗಳುವವರು ಹೆಚ್ಚಾಗಿ ಅದನ್ನು ತಿಂದೇ ಬೆಳೆದವರು. ಕುಸ್ವಾರನ್ನು ಕಂಡೇ ಇರದ, ವಯಸ್ಸಾದ, ಹಬ್ಬದ ದಿನಗಳಲ್ಲಿ ಮಕ್ಕಳು ಮೊಮ್ಮಕ್ಕಳಿಂದ ದೂರ ಇರುವ ಇಬ್ಬರಿಗೆ ಅದನ್ನು ಉಡುಗೊರೆಯಾಗಿ ಕೊಟ್ಟರೆ ಹೇಗಿರುತ್ತದೆ ಎಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕಳೆದ ಡಿಸೆಂಬರಿನಲ್ಲಿ ತರಿಸಿದ ಡಬ್ಬಿಯನ್ನು ಆ ಪ್ರಶ್ನೆ ಮುಂದಿಟ್ಟುಕೊಂಡೇ ಇಲ್ಲಿ ತೂಗಿ ನೋಡುತ್ತಿದ್ದೇನೆ. ಇದನ್ನು ಮಾಡುವವರು ಮಂಗಳೂರಿನ ಒಂದು ಕುಟುಂಬ; ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಪರಿಚಯದವರು ಫೋನ್ ಮಾಡಿ ಹೇಳಿದರೆ ಮಾಡಿ ಕಳಿಸುತ್ತಾರೆ. ಆದ್ದರಿಂದ ಹೆಸರು ಹಾಕಿಲ್ಲ. ಕರಾವಳಿಯಲ್ಲಿ ಹೀಗೆ ಮನೆಯಲ್ಲೇ ಮಾಡಿ ಕಳಿಸುವವರು ಇನ್ನೂ ಎಷ್ಟೋ ಮಂದಿ ಇರುವುದರಿಂದ, ಇಲ್ಲಿ ಬರೆದದ್ದರಲ್ಲಿ ಬಹುಪಾಲು ಅವರ ಡಬ್ಬಿಗಳಿಗೂ ಹೊಂದುತ್ತದೆ.

ಡಬ್ಬಿ ಹೋದದ್ದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದ, ಅಮೆರಿಕದ ಯೂಟಾ ರಾಜ್ಯದ ದಂಪತಿಗೆ. ಅವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್‌ನ, ಅಂದರೆ ಜನ ಮಾರ್ಮನ್ ಚರ್ಚ್ ಎಂದು ಗುರುತಿಸುವ ಸಂಸ್ಥೆಯ, ಹಿರಿಯ ಮಿಷನರಿಗಳು. ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ಈ ಚರ್ಚಿನ ಬೆಂಗಳೂರು ಮಿಷನ್ 1993ರಲ್ಲಿ ಆರಂಭವಾಯಿತು. 2018ರಲ್ಲಿ ನಗರಕ್ಕೊಂದು ದೇವಾಲಯ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಅದರ ಕಾಮಗಾರಿಗೆ ಚಾಲನೆ ಸಿಕ್ಕಿತು. ಬಿಳಿ ಅಂಗಿ ತೊಟ್ಟು, ಎದೆಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಜೊತೆಯಾಗಿ ಓಡಾಡುವ ತರುಣರನ್ನು ಕೆಲವರು ನೋಡಿರಬಹುದು. ಹಿರಿಯ ದಂಪತಿಗಳ ಸೇವೆ ಬೇರೆ ಬಗೆಯದು. ಕೆಲಸದಿಂದ ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಸ್ವಂತ ಖರ್ಚಿನಲ್ಲಿ, 6 ತಿಂಗಳಿಂದ ಹಿಡಿದು 23 ತಿಂಗಳವರೆಗಿನ ಅವಧಿಗೆ, ಕಳಿಸಿದ ಊರಿಗೆ ಹೋಗಿ ಕಚೇರಿಯ ಲೆಕ್ಕಪತ್ರ, ಪರಿಹಾರ ಕಾರ್ಯ, ತರುಣ ಮಿಷನರಿಗಳ ಯೋಗಕ್ಷೇಮ ಮುಂತಾದ ಹೊಣೆಗಳನ್ನು ಹೊರುತ್ತಾರೆ. ಅವಧಿ ಒಂದು ವರ್ಷ ಮೀರಿದರೆ ಕನಿಷ್ಠ ಒಂದು ಕ್ರಿಸ್‌ಮಸ್ ಹೊರಗೇ ಕಳೆಯುತ್ತದೆ. ಅವರ ಧರ್ಮಪ್ರಚಾರದ ಬಗ್ಗೆ ಓದುಗರ ಅಭಿಪ್ರಾಯ ಏನೇ ಇರಲಿ, ಆ ವಯಸ್ಸಿನಲ್ಲಿ ಮನೆಗೆ ಬೀಗ ಹಾಕಿ, ಭಾಷೆ ಬಾರದ ಊರಿನಲ್ಲಿ ಬಾಡಿಗೆ ಮನೆ ಹೂಡುವುದು ಸುಲಭದ ಮಾತಲ್ಲ ಎಂದೇ ನಾನು ತಿಳಿದಿದ್ದೇನೆ.

ಇಂಥವರಿಗೆ ಏನು ಕೊಡಬೇಕು ಎಂದು ಯೋಚಿಸುವಾಗ ನಾವು ಸಾಮಾನ್ಯವಾಗಿ ಅವರನ್ನು ಅತಿಥಿಗಳೆಂದೇ ನೋಡುತ್ತೇವೆ; ಊಟಕ್ಕೆ ಕರೆಯುತ್ತೇವೆ, ಸಿಹಿ ಕಳಿಸುತ್ತೇವೆ. ದೀಪಾವಳಿಯಲ್ಲಿ ನಮ್ಮ ಮಹಡಿಯ ಮನೆಗಳಿಂದಲೇ ಅವರಿಗೆ ಸಾಕಷ್ಟು ತಿಂಡಿ ಹೋಗಿತ್ತು. ಆಮೇಲೆ ಆ ಅಜ್ಜಿಯ ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮೆಲ್ಲರ ಸ್ಟೀಲ್ ಡಬ್ಬಿಗಳು ತೊಳೆದಿಟ್ಟಂತೆಯೇ ವಾರಗಟ್ಟಲೆ ಕುಳಿತಿದ್ದವು. ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬ ನಮ್ಮ ರೂಢಿಯನ್ನು ಎದುರು ಮನೆಯವರು ಅವರಿಗೆ ಮಾತಿನ ನಡುವೆ ಹೇಳಿದ್ದರು. ತುಂಬಿ ಕೊಡಲು ಅವರ ಬಳಿ ಏನೂ ಇರಲಿಲ್ಲ. ಯೂಟಾದಲ್ಲಿ ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಬಿಸ್ಕತ್ತು, ಬ್ರೆಡ್ಡು ಬೇಯಿಸಿ ತಟ್ಟೆಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದು ವಾಡಿಕೆ. ಅಷ್ಟು ವರ್ಷ ಹಂಚಿಯೇ ಹಬ್ಬ ಮಾಡಿದ ಹೆಂಗಸಿಗೆ ಇಲ್ಲಿ ಸಿಕ್ಕದ್ದು ಎರಡು ಒಲೆಯ ಗ್ಯಾಸ್ ಸ್ಟೌವ್ ಮಾತ್ರ, ಓವನ್ ಇಲ್ಲ. ಹಬ್ಬದ ಕಾಲದಲ್ಲಿ ಮನೆಯಿಂದ ದೂರ ಇರುವವರಿಗೆ ಪಡೆಯುವುದಕ್ಕಿಂತ ಕೊಡುವ ಅವಕಾಶ ತಪ್ಪಿಹೋದದ್ದೇ ಹೆಚ್ಚು ಕಾಡುತ್ತದೆ ಎಂದು ನನಗೆ ಅನ್ನಿಸಿದ್ದು ಆಗ. ಕುಸ್ವಾರ್ ತರಿಸಿದ ಕಾರಣವೂ ಅದೇ: ಅದು ಹುಟ್ಟಿದ್ದೇ ಹಂಚುವುದಕ್ಕಾಗಿ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಅದನ್ನು ತಟ್ಟೆಗೆ ತುಂಬಿ, ಮೇಲೊಂದು ಬಟ್ಟೆ ಮುಚ್ಚಿ, ಜಾತಿ ಧರ್ಮ ನೋಡದೆ ನೆರೆಮನೆಗಳಿಗೆ ಕಳಿಸುತ್ತಾರೆ.

ಆರ್ಡರ್ ಕೊಡುವಾಗಲೇ ಒಂದು ವಿಷಯ ಇತ್ಯರ್ಥವಾಗಬೇಕಿತ್ತು. ಈ ಚರ್ಚಿನವರು 1833ರಿಂದ ಬಂದ ಆಹಾರ ನಿಯಮದಂತೆ ಮದ್ಯ, ತಂಬಾಕು, ಚಹಾ, ಕಾಫಿ ಮುಟ್ಟುವುದಿಲ್ಲ. ಮನೆಗೆ ಬಂದವರಿಗೆ ಮೊದಲು ಕಾಫಿ ಕೇಳುವ ನಮ್ಮಂಥವರಿಗೆ ಇದು ಆರಂಭದಲ್ಲಿ ಕೈಕಟ್ಟಿದಂತಾಗುತ್ತದೆ. ಜೀರಿಗೆ ಕಷಾಯ, ಬಾದಾಮಿ ಹಾಲು ಆದರೆ ಯಾವ ತೊಡಕೂ ಇಲ್ಲ. ಡಬ್ಬಿಯ ಜೊತೆ ಬರುವ ಪ್ಲಮ್ ಕೇಕಿಗೆ ಒಣಹಣ್ಣುಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಹಾಕುವುದು ಸಾಮಾನ್ಯ. ತಿಂಡಿ ಮಾಡಿ ಕಳಿಸುವ ಆ ಮನೆಯ ಬಾಯಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ, "ಕಿತ್ತಳೆ ರಸದಲ್ಲಿ ನೆನೆಸಿ ಬೇರೆಯೇ ಒಂದು ಮಾಡಿ ಕಳಿಸುತ್ತೇನೆ, ನೀವು ಚಿಂತೆ ಮಾಡಬೇಡಿ" ಎಂದರು, ಹಾಗೆಯೇ ಕಳಿಸಿದರು. ಕೇಕು ಮೃದುವಾಗಿತ್ತು, ಸುಟ್ಟ ಸಕ್ಕರೆಯ ಬಣ್ಣ ಚೆನ್ನಾಗಿ ಬಂದಿತ್ತು, ಕಿತ್ತಳೆ ಸಿಪ್ಪೆಯ ಪರಿಮಳ ತುಸು ಹೆಚ್ಚೇ ಇತ್ತು. ರಮ್ ಇಲ್ಲದ ಕೇಕು ಹೆಚ್ಚು ದಿನ ಬಾಳುವುದಿಲ್ಲವಾದ್ದರಿಂದ ಅದನ್ನು ಮೊದಲು ಮುಗಿಸುವಂತೆ ಹೇಳಿದ್ದೆವು.

ಉಳಿದ ತಿಂಡಿಗಳಲ್ಲಿ ಮೊದಲ ಸ್ಥಾನವನ್ನು ನಾನು ನೆವ್ರಿಗೆ ಕೊಡುತ್ತೇನೆ. ನಮ್ಮ ಕರಜೀಕಾಯಿಯ ಹತ್ತಿರದ ನೆಂಟ ಇದು. ಕಣಕ ತೆಳುವಾಗಿತ್ತು, ಒಳಗೆ ಕೊಬ್ಬರಿ, ಎಳ್ಳು, ಗೋಡಂಬಿ, ಏಲಕ್ಕಿಯ ಹೂರಣ ಒತ್ತೊತ್ತಾಗಿತ್ತು, ಅಂಚಿನ ಹೆಣಿಗೆ ಎಲ್ಲಿಯೂ ಬಾಯಿ ಬಿಟ್ಟು ಎಣ್ಣೆ ಕುಡಿದಿರಲಿಲ್ಲ. ಬಾಚಣಿಗೆಯ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡುವ ಕಿಡಿಯೊಗಳಿಗೆ ಸಕ್ಕರೆ ಪಾಕ ಹದವಾಗಿ ಹತ್ತಿತ್ತು. ಅಕ್ಕಿ ಹಿಟ್ಟು, ತೆಂಗಿನಕಾಯಿಯ ಗುಳಿಯೊ ರುಚಿಯಾಗಿದ್ದರೂ ಗಟ್ಟಿ. ಹಲ್ಲುಕಟ್ಟು ಇರುವವರಿಗೆ ಕೊಡುವಂಥದಲ್ಲ. ಚಕ್ಕುಲಿಯ ಮಾತೂ ಅಷ್ಟೇ. ಅಜ್ಜ ಎರಡನ್ನೂ ಸಂಕೋಚದಿಂದ ಬದಿಗಿಟ್ಟರು. ಹಿರಿಯರಿಗೆಂದೇ ತರಿಸುವವರು ಈ ಎರಡನ್ನು ಕಡಿಮೆ ಮಾಡಿ ನೆವ್ರಿ, ಕಿಡಿಯೊ ಹೆಚ್ಚು ಹಾಕುವಂತೆ ಮೊದಲೇ ಹೇಳುವುದು ಒಳ್ಳೆಯದು.

ಕೊಕ್ಕಿಸಾಂ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಹೂವಿನ ಆಕಾರದ ಲೋಹದ ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿಟ್ಟು ಬಿಸಿ ಮಾಡಿ, ತೆಂಗಿನ ಹಾಲು, ಮೊಟ್ಟೆ, ಹಿಟ್ಟು ಸೇರಿಸಿದ ತೆಳ್ಳಗಿನ ಹಿಟ್ಟಿನಲ್ಲಿ ಅಂಚು ಮುಳುಗದಷ್ಟೇ ಅದ್ದಿ, ಮತ್ತೆ ಎಣ್ಣೆಗಿಳಿಸಿ ಅಲುಗಿಸಿದರೆ ಹೂವು ತಾನಾಗಿ ಕಳಚಿಕೊಳ್ಳುತ್ತದೆ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಅಂಚಿನ ಮೇಲೆ ಹಿಟ್ಟು ಹತ್ತಿದರೆ ಬಿಡುವುದೂ ಇಲ್ಲ. ಡಬ್ಬಿ ತೆರೆದು ಇದನ್ನು ಕಂಡಾಗ ಆ ಅಜ್ಜಿಗೆ ಗುರುತು ಹತ್ತಿತು. 19ನೇ ಶತಮಾನದಲ್ಲಿ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಈ ಚರ್ಚಿಗೆ ಸೇರಿದ ಸಾವಿರಾರು ಜನ ಯೂಟಾಕ್ಕೆ ವಲಸೆ ಹೋಗಿದ್ದರು. ಇವರ ತಾಯಿಯ ಕಡೆಯ ಹಿರಿಯರೂ ಅವರಲ್ಲಿ ಸೇರಿದವರು. ಆ ನಾಡುಗಳಲ್ಲಿಯೂ ಕ್ರಿಸ್‌ಮಸ್‌ಗೆ ಇದೇ ರೀತಿಯ ಅಚ್ಚಿನಲ್ಲಿ, ತೆಂಗಿನ ಹಾಲಿನ ಬದಲು ಹಸುವಿನ ಹಾಲು ಹಾಕಿ, ರೊಸೆಟ್ ಎಂಬ ತಿಂಡಿ ಕರಿಯುತ್ತಾರೆ. ಒಂದನ್ನು ಬೆಳಕಿಗೆ ಹಿಡಿದು ಎಸಳುಗಳ ದಪ್ಪ ನೋಡಿದ ಅವರು, ತಮ್ಮಜ್ಜಿ ಮಾಡುತ್ತಿದ್ದುದಕ್ಕಿಂತ ಇದು ಗರಿಗರಿಯಾಗಿದೆ ಎಂದು ಹೇಳಿ, ಸಕ್ಕರೆ ಪುಡಿ ಇದೆಯೇ ಎಂದು ಕೇಳಿದರು. ನಮ್ಮನೆಯಿಂದ ತಂದುಕೊಟ್ಟ ಪುಡಿಯನ್ನು ಚಹಾ ಸೋಸುವ ಜರಡಿಯಲ್ಲಿ ಉದುರಿಸಿದರು. ಅವರ ಕಡೆ ಹಾಗೆಯೇ ತಿನ್ನುವುದು. ನಿಜಕ್ಕೂ ರುಚಿ ಹೆಚ್ಚಿತು.

ಹಬ್ಬದ ಹಿಂದಿನ ದಿನ ಆ ಸ್ಟೀಲ್ ಡಬ್ಬಿಗಳೆಲ್ಲ ತುಂಬಿಕೊಂಡು ಆಯಾ ಮನೆಗಳಿಗೆ ಹೋದವು. ಅಜ್ಜ ಮುಂದೆ, ಅಜ್ಜಿ ಹಿಂದೆ, ಬಾಗಿಲು ಬಾಗಿಲಿಗೆ ಬಂದು ಕೊಟ್ಟು ಹೋದರು. ಸಾಲ್ಟ್ ಲೇಕ್ ಸಿಟಿಗಿಂತ ನಾವು ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ ಮುಂದಿರುವುದರಿಂದ, ಇಲ್ಲಿ 25ರ ಬೆಳಿಗ್ಗೆ ಏಳೂವರೆಯಾದಾಗ ಅಲ್ಲಿ 24ರ ಸಂಜೆ ಏಳು. ಮಕ್ಕಳ ಮನೆಯವರೆಲ್ಲ ಒಟ್ಟು ಸೇರುವ ಆ ಹೊತ್ತಿಗೆ ಸರಿಯಾಗಿ ಇವರು ವಿಡಿಯೊ ಕರೆ ಮಾಡಿದರಂತೆ. ಕೊಕ್ಕಿಸಾಂ ತೋರಿಸಿ ಮೊಮ್ಮಕ್ಕಳ ಬಾಯಲ್ಲಿ ನೀರೂರಿಸಿದ್ದನ್ನು ಅಜ್ಜಿ ಸಂತೋಷದಿಂದ ಹೇಳಿಕೊಂಡರು. ಇಷ್ಟನ್ನು ಸಾಧ್ಯವಾಗಿಸಿದ ಉಡುಗೊರೆಗೆ ನಾನು ತುಂಬು ಮನಸ್ಸಿನಿಂದ ಒಳ್ಳೆಯ ಅಂಕ ಕೊಡುತ್ತೇನೆ.

ಕೊರತೆಗಳೂ ಇವೆ, ಅವುಗಳನ್ನು ಬಾಯಮ್ಮನಿಗೂ ತಿಳಿಸಿದ್ದೇನೆ. ಶಿರಾಡಿ ಘಾಟಿಯ ತಿರುವುಗಳನ್ನು ದಾಟಿ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದ ಡಬ್ಬಿಯಲ್ಲಿ ಕೊಕ್ಕಿಸಾಂಗಳು ಹಲವು ಮುರಿದಿದ್ದವು. ಅವುಗಳನ್ನು ಕೆಳಗೆ ಹಾಕಿ ಮೇಲೆ ಭಾರದ ತಿಂಡಿ ತುಂಬಿದ್ದೇ ಕಾರಣ. ಯಾವುದರಲ್ಲಿ ಮೊಟ್ಟೆಯಿದೆ, ಯಾವುದರಲ್ಲಿ ಗೋಡಂಬಿಯಿದೆ, ಎಷ್ಟು ದಿನ ಇಡಬಹುದು ಎಂಬ ಚೀಟಿ ಇರಲಿಲ್ಲ. ಹಂಚಲೆಂದೇ ಕೊಡುವ ಡಬ್ಬಿಯಲ್ಲಿ ಇದು ಸಣ್ಣ ಲೋಪವಲ್ಲ. ಮೊಟ್ಟೆ ತಿನ್ನದ ಮನೆಗಳು ನಮ್ಮ ಮಹಡಿಯಲ್ಲೇ ಇವೆ, ಅಲ್ಲಿಗೆ ಯಾವುದನ್ನು ಕೊಡಬೇಕೆಂದು ನಾವೇ ಬಾಯಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ದಂಪತಿಗೆ ವಿವರಿಸಬೇಕಾಯಿತು. ಕೊಬ್ಬರಿ ಹೂರಣದ ನೆವ್ರಿ ಜನವರಿಯ ಹೊತ್ತಿಗೆ ಕಮಟು ವಾಸನೆ ಹೊಡೆಯತೊಡಗಿತು.

ಕುಸ್ವಾರಿಗೆ ಕೆಜಿಗೆ 700 ರೂಪಾಯಿ, ಕೇಕು ಮತ್ತು ಪಾರ್ಸೆಲ್ ಖರ್ಚು ಪ್ರತ್ಯೇಕ. ಕೈಯಲ್ಲಿ ಮಾಡಿದ ಕೆಲಸಕ್ಕೆ ಈ ಬೆಲೆ ಹೆಚ್ಚಲ್ಲ. ಇಬ್ಬರಿಗೆಂದು ಒಂದು ಕೆಜಿ ಸಾಕು ಎಂದುಕೊಳ್ಳಬೇಡಿ, ಹಂಚಲು ಮಿಗುವಷ್ಟು ತರಿಸಿ. ನವೆಂಬರ್ ಕೊನೆಯೊಳಗೆ ಹೇಳಿದರೆ ರಮ್ ಇಲ್ಲದ ಕೇಕು ಖಚಿತವಾಗಿ ಸಿಗುತ್ತದೆ. ಡಿಸೆಂಬರ್ ಎರಡನೆಯ ವಾರ ದಾಟಿದ ಮೇಲೆ ಅವರು ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕೊಕ್ಕಿಸಾಂಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿಸಿಕೊಳ್ಳಿ.