ರಿಸ್ಕ್ ಕೊಳ್ಳುವುದೋ, ಡಿಪ್ಲೊಮಸಿಯೋ?

ಆಟಿಯ ಮಳೆಗೆ ಶಾಲೆಗಳಿಗೆ ರಜೆ ಸಿಕ್ಕ ದಿನ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಮೂರ್ನಾಲ್ಕು ಮಂದಿಯಷ್ಟೇ ಸೇರುವುದಾದರೆ ರಿಸ್ಕ್ ಎಂಬ ಯುದ್ಧದ ಬೋರ್ಡ್ ಆಟ ಸಾಕು. ಅದೇ ಬಗೆಯ ಇನ್ನೊಂದು ಆಟ ಡಿಪ್ಲೊಮಸಿಗೆ ಏಳು ಮಂದಿ ಇದ್ದರೇ ಚೆಂದ. ರಿಸ್ಕ್‌ನಲ್ಲಿ ದಾಳಿ ಮಾಡುವವರು ಗರಿಷ್ಠ 3, ತಡೆಯುವವರು ಗರಿಷ್ಠ 2 ದಾಳ ಉರುಳಿಸುತ್ತಾರೆ. ದೊಡ್ಡ ದಾಳಗಳನ್ನು ಜೋಡಿಸಿ ನೋಡಿದಾಗ 5ಕ್ಕೆ 5 ಬಿದ್ದರೆ ಸೈನ್ಯ ಕಳೆದುಕೊಳ್ಳುವವರು ದಾಳಿ ಮಾಡಿದವರೇ. ನಮ್ಮಲ್ಲಿ ಹೆಚ್ಚು ಜಗಳವಾಗುವುದೂ ಇಲ್ಲಿಯೇ.

1959ರ ಡಿಪ್ಲೊಮಸಿಯಲ್ಲಿ ದಾಳವೇ ಇಲ್ಲ. ಎಲ್ಲರೂ ಗುಟ್ಟಾಗಿ ಬರೆದ ಆಜ್ಞೆಗಳನ್ನು ಒಟ್ಟಿಗೆ ತೆರೆಯಲಾಗುತ್ತದೆ. ಸಮಬಲದ ಎರಡು ಪಡೆಗಳು ಒಂದೇ ಪ್ರದೇಶಕ್ಕೆ ನುಗ್ಗಿದರೆ ಎರಡೂ ಇದ್ದಲ್ಲಿಯೇ ಉಳಿಯುತ್ತವೆ. ಇನ್ನೊಂದು ಪಡೆಗೆ ಬೆಂಬಲ ಕೊಟ್ಟು ಅದರ ಬಲ ಹೆಚ್ಚಿಸುತ್ತಿರುವ ಪಡೆಯ ಮೇಲೆ ಎದುರಾಳಿ ದಾಳಿ ಮಾಡಿದರೆ, ಅದು ವಿಫಲವಾದರೂ ಬೆಂಬಲ ಕಡಿದುಹೋಗುತ್ತದೆ. ಆದರೆ ಆ ಬೆಂಬಲದ ಗುರಿಯಾದ ಪ್ರದೇಶದಿಂದಲೇ ದಾಳಿ ಬಂದಿದ್ದರೆ, ಬೆಂಬಲ ಕೊಡುವ ಪಡೆ ಸ್ಥಾನ ಕಳೆದುಕೊಳ್ಳದಿದ್ದರೆ ಬೆಂಬಲ ಉಳಿಯುತ್ತದೆ. ಕೊಟ್ಟ ಮಾತು ತಪ್ಪುವುದು ಇಲ್ಲಿ ನಿಯಮಬದ್ಧ. ಮುನಿಯದ ಗೆಳೆಯರಿದ್ದರೆ ಇದನ್ನೇ ಕೊಳ್ಳಿ.