ತುಟಿ ಗುಳ್ಳೆಗೆ ಮೂರು ಮಾತ್ರೆ: ನನಗೆ ಹೊಂದಿದ್ದು ಯಾವುದು?

ತುಟಿಯ ಅಂಚಿನಲ್ಲಿ ಪದೇ ಪದೇ ನೀರುಗುಳ್ಳೆ ಏಳುವವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವ ಮಾತ್ರೆಗಳು ಮೂರು: ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್, ಫ್ಯಾಮ್ಸಿಕ್ಲೋವಿರ್. ನನಗೆ ಈ ಗುಳ್ಳೆ ಬಹಳ ವರ್ಷದ ಕಾಟ. ಬೇರೆ ಬೇರೆ ಸಲ ಮೂರನ್ನೂ ತೆಗೆದುಕೊಂಡಿದ್ದೇನೆ, ಮುಲಾಮನ್ನೂ ಹಚ್ಚಿ ನೋಡಿದ್ದೇನೆ. ಯಾವ ಮಾತ್ರೆ ಅನ್ನುವುದಕ್ಕಿಂತ ಅದನ್ನು ಯಾವಾಗ ನುಂಗಿದೆವು ಅನ್ನುವುದೇ ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಹಾಗಂತ ಮೂರೂ ಒಂದೇ ಅಲ್ಲ.

ಅಸೈಕ್ಲೋವಿರ್ ಇವುಗಳಲ್ಲಿ ಹಿರಿಯದು. 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಅವರ ತಂಡದ ಕೆಲಸದಿಂದ ಬಂದದ್ದು. ಇದರ ಜಾಣತನ ನನಗೆ ತುಂಬಾ ಇಷ್ಟ. ಈ ಗುಳ್ಳೆ ತರುವ ಹರ್ಪಿಸ್ ವೈರಸ್ ಹೊಕ್ಕಿರುವ ಜೀವಕೋಶದಲ್ಲಿ ಆ ವೈರಸ್ಸಿನದೇ ಕಿಣ್ವ ಈ ಔಷಧಿಯನ್ನು ಚುರುಕು ಮಾಡುತ್ತದೆ. ಆಮೇಲೆ ಅದೇ ಔಷಧಿ ವೈರಸ್ ಬೆಳೆಯದಂತೆ ತಡೆಯುತ್ತದೆ. ಚೆನ್ನಾಗಿರುವ ಜೀವಕೋಶಗಳಿಗೆ ಅಷ್ಟಾಗಿ ತೊಂದರೆ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಶೇಕಡಾ 10ರಿಂದ 20ರಷ್ಟು ಮಾತ್ರ. ಅದಕ್ಕೇ ದಿನಕ್ಕೆ 5 ಸಲ, 5 ದಿನ ತೆಗೆದುಕೊಳ್ಳಬೇಕು. ಕೆಲಸದ ಮಧ್ಯೆ, ಊಟದ ಮಧ್ಯೆ, ಮಲಗುವ ಮುಂಚೆ ಅಂತ ದಿನವೆಲ್ಲಾ ಗಡಿಯಾರ ನೋಡುವುದೇ ಆಗುತ್ತದೆ. ಗುಳ್ಳೆ ಬೇಗ ಒಣಗಿತು ನಿಜ, ಆದರೆ ಈ ಲೆಕ್ಕ ಇಡುವುದು ನನಗೆ ಸುಸ್ತು.

ವ್ಯಾಲಸೈಕ್ಲೋವಿರ್ ಅಂದರೆ ಬೇರೆ ಔಷಧಿಯೇನಲ್ಲ. ಅಸೈಕ್ಲೋವಿರ್‌ಗೆ ವ್ಯಾಲಿನ್ ಎಂಬ ಅಮೈನೋ ಆಮ್ಲ ಸೇರಿಸಿದ್ದಾರೆ, ಅಷ್ಟೇ. ಒಳಗೆ ಹೋದ ಮೇಲೆ ಮತ್ತೆ ಅಸೈಕ್ಲೋವಿರ್ ಆಗುತ್ತದೆ. ಆದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ದೊಡ್ಡವರಿಗೆ 2 ಗ್ರಾಂ ಒಮ್ಮೆ, 12 ಗಂಟೆ ಬಿಟ್ಟು ಇನ್ನೊಂದು 2 ಗ್ರಾಂ. ಒಂದೇ ದಿನಕ್ಕೆ ಮುಗಿಯಿತು! ಮಾತ್ರೆ ಮಾತ್ರ ಉದ್ದ, ದಪ್ಪ. 1 ಗ್ರಾಂನ ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ನಿಂತ ಹಾಗೆ ಆಗುತ್ತದೆ. ಒಂದೊಂದಾಗಿ, ತುಂಬು ಲೋಟ ನೀರಿನ ಜೊತೆ ನುಂಗುವುದು ಒಳ್ಳೆಯದು. ನೀರು ಹೇಗಿದ್ದರೂ ಜಾಸ್ತಿ ಕುಡಿಯಬೇಕು, ಈ ಔಷಧಿ ಹೊರಗೆ ಹೋಗುವುದು ಕಿಡ್ನಿಯ ಮೂಲಕ.

ಫ್ಯಾಮ್ಸಿಕ್ಲೋವಿರ್ ಇನ್ನೂ ಸುಲಭ. 1500 ಮಿಲಿಗ್ರಾಂ, ಒಂದೇ ಸಲ. ಒಳಗೆ ಇದು ಪೆನ್ಸಿಕ್ಲೋವಿರ್ ಆಗಿ, ಜೀವಕೋಶದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಗುಳ್ಳೆಯ ಮೇಲೆ ವ್ಯಾಲಸೈಕ್ಲೋವಿರ್‌ನಷ್ಟೇ ಕೆಲಸ ಮಾಡಿತು. ಆದರೆ ನನಗೆ ಆ ದಿನ ತಲೆನೋವು ಬಿಡಲಿಲ್ಲ. ತಲೆನೋವು, ವಾಕರಿಕೆ ಈ ಮೂರರಲ್ಲೂ ಬರಬಹುದು; ನನಗೆ ಇದರಲ್ಲಿ ಜಾಸ್ತಿ ಅನಿಸಿತು, ಅದಕ್ಕೇ ನನ್ನ ಆಯ್ಕೆ ವ್ಯಾಲಸೈಕ್ಲೋವಿರ್. ನಿಮಗೆ ತಲೆನೋವಿನ ಕಾಟ ಇಲ್ಲದಿದ್ದರೆ ಇದನ್ನೇ ಕೇಳಿ ನೋಡಬಹುದು.

ಮುಲಾಮು? ಹಚ್ಚಿದಾಗ ಉರಿ ಕಡಿಮೆ, ಚರ್ಮ ಬಿರಿಯುವುದಿಲ್ಲ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಈಗ ಸಮಯದ ವಿಷಯ. ಗುಳ್ಳೆ ಕಾಣುವ ಮುಂಚೆ ತುಟಿಯ ಒಂದು ಚುಕ್ಕೆಯಷ್ಟು ಜಾಗ ಚುರುಚುರು ಅನ್ನುತ್ತದೆ, ಅಲ್ವಾ? ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ನಾಲಿಗೆ ತಾಗಿಸಿದರೆ ಅಲ್ಲಿ ಮಾತ್ರ ಬಿಗಿ, ಬಿಸಿ. ನುಂಗಬೇಕಾದದ್ದು ಆಗಲೇ. ಆ ಹೊತ್ತಿಗೆ ನುಂಗಿದಾಗ ಕೆಲವು ಸಲ ಸಣ್ಣ ಕೆಂಪಿಗೇ ನಿಂತುಹೋಗಿದೆ. ನೀರು ತುಂಬಿಕೊಂಡ ಮೇಲೆ ಯಾವ ಮಾತ್ರೆಯಿಂದಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೇಗ ತೆಗೆದುಕೊಂಡರೂ ಪವಾಡವೇನಿಲ್ಲ. ವಾರ, ಹತ್ತು ದಿನದ ಕಾಯಿಲೆ ಸರಾಸರಿ ಒಂದು ದಿನದಷ್ಟು ಕಡಿಮೆಯಾಗುತ್ತದೆ. ಆ ಒಂದು ದಿನವೂ ಬೇಕು ಅಂತ ಅನುಭವಿಸಿದವರಿಗೆ ಗೊತ್ತು. ಚುರುಚುರು ಶುರುವಾದ ಮೇಲೆ ಡಾಕ್ಟರನ್ನು ಹುಡುಕಿಕೊಂಡು ಹೋದರೆ ತಡವಾಗುತ್ತದೆ. ಆರಾಮಾಗಿರುವಾಗಲೇ ಕೇಳಿ ಚೀಟಿ ಬರೆಸಿಕೊಂಡು ಮಾತ್ರೆ ತಂದಿಟ್ಟುಕೊಳ್ಳಿ.

ಸರ್ಪಸುತ್ತಿಗೆ ತಂದು ಉಳಿದ ಮಾತ್ರೆಯನ್ನು ಸುಮ್ನೆ ನುಂಗಬೇಡಿ. ಔಷಧಿ ಅದೇ ಇರಬಹುದು, ಪ್ರಮಾಣ ಬೇರೆ. ಕಿಡ್ನಿ ತೊಂದರೆ ಇದ್ದವರಿಗಂತೂ ಪ್ರಮಾಣ ಕಡಿಮೆ ಮಾಡಲೇಬೇಕಾಗುತ್ತದೆ. ಬಸುರಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ. ಗುಳ್ಳೆಯ ಜೊತೆ ಕಣ್ಣು ಕೆಂಪಾಗಿ ನೋವು ಬಂದರೆ ಕಾಯದೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ವರ್ಷದಲ್ಲಿ ಮತ್ತೆ ಮತ್ತೆ ಬರುವವರಿಗೆ ದಿನವೂ ಸಣ್ಣ ಪ್ರಮಾಣದಲ್ಲಿ ತೆಗೆದುಕೊಳ್ಳುವ ಕ್ರಮವೂ ಇದೆ. ವ್ಯಾಲಸೈಕ್ಲೋವಿರ್ ಆದರೆ 500 ಮಿಲಿಗ್ರಾಂ, ದಿನಕ್ಕೊಂದು. ನಾನು ಅದಕ್ಕೆ ಹೋಗಿಲ್ಲ. ನನಗೆ ಬರುವುದು ಹೆಚ್ಚಾಗಿ ಬಿಸಿಲಿಗೆ, ಜ್ವರಕ್ಕೆ. ಬಿಸಿಲಿಗೆ ಸನ್‌ಸ್ಕ್ರೀನ್ ಇರುವ ಲಿಪ್ ಬಾಮ್ ಹಚ್ಚುತ್ತೇನೆ. ಜ್ವರಕ್ಕೆ ಮಾತ್ರ ಅಂಥ ಉಪಾಯ ಇಲ್ಲ, ಆಗ ಮಾತ್ರೆಯೇ ಗತಿ.